ದಯೆಗೆ ಅರಿವೇ ಕಣ್ಣು

ದಯೆಯೆಂಬುದು ಹೃದಯದ ಗುಣ. ಅರಿವೆಂಬುದು ಬುದ್ಧಿಯ ಬೆಳಕು. ಒಂದೇ ನೊಗಕ್ಕೆ ಹೂಡಿದ ಜೋಡೆತ್ತುಗಳು ಸಮನಾಗಿ ಎಳೆದಾಗ ಮಾತ್ರ ಬಂಡಿಯು ನೆಟ್ಟಗೆ ಸಾಗುವಂತೆ, ಇವೆರಡೂ ಕೂಡಿ ನಡೆದಾಗಲೇ ಗೃಹಸ್ಥನ ಬಾಳು ದಾರಿತಪ್ಪದೆ ಮುನ್ನಡೆಯುವುದು. ದಯೆಯಿಲ್ಲದ ಅರಿವು ಬರಿಯ ಒಣಪಾಂಡಿತ್ಯ. ಅರಿವಿಲ್ಲದ ದಯೆಯಾದರೋ ಒಂದು ಜೀವವನ್ನು ಸಲಹಲು ಹೋಗಿ ಇನ್ನೊಂದು ಜೀವಕ್ಕೆ ಮೃತ್ಯುವಾಗಬಲ್ಲುದು. ಶರಣರು ಜೀವದಯೆಯನ್ನು ಬೋಧಿಸಿದಷ್ಟೇ ಒತ್ತಿನಿಂದ ಅರಿವು ಆಚಾರಗಳ ಹೊಂದಾಣಿಕೆಯನ್ನೂ ಬೋಧಿಸಿದರು. ಈ ಎರಡೂ ಅಗಲಿದರೆ ಏನಾಗುವುದೆಂಬುದಕ್ಕೆ ಭಾರತದ ಆಕಾಶದಿಂದ ಬಹುಮಟ್ಟಿಗೆ ಕಣ್ಮರೆಯಾದ ರಣಹದ್ದು ಸಾಕ್ಷಿಯಾಗಿದೆ.

ಹೊಲದ ಬದುವಿನಲ್ಲಿ ದೊಡ್ಡದೊಂದು ಕಾಡುಹಕ್ಕಿಯು ರೆಕ್ಕೆ ಮುದುಡಿ, ಕೊರಳು ಇಳಿಬಿಟ್ಟು ಕುಳಿತಿದೆಯೆಂದು ಭಾವಿಸೋಣ. ಮನುಷ್ಯರು ಹತ್ತಿರ ಬಂದರೂ ಅದಕ್ಕೆ ಹಾರುವ ತ್ರಾಣವಿಲ್ಲ. ಕಂಡವರ ಕರುಳು ಮರುಗುತ್ತದೆ. ಇದಕ್ಕೆ ನೀರು ಕುಡಿಸಬೇಕೇ, ಇದನ್ನು ಮನೆಗೆ ಒಯ್ಯಬೇಕೇ, ಬದುಕಿಸುವ ಬಗೆ ಯಾವುದು ಎಂಬ ಪ್ರಶ್ನೆಗಳು ಏಳುತ್ತವೆ. ಈ ಪ್ರಶ್ನೆಗಳು ಸಹಜವೂ ಹೌದು, ಸಾಧುವೂ ಹೌದು. ಆದರೆ ಇವುಗಳಿಗಿಂತ ಹಿಂದಿನದಾದ ಪ್ರಶ್ನೆಯೊಂದಿದೆ: ಈ ಹಕ್ಕಿಗೆ ಈ ಗತಿ ಒದಗಿದ್ದು ಎಲ್ಲಿ? ರಣಹದ್ದಿನ ಮಟ್ಟಿಗೆ ಈ ಪ್ರಶ್ನೆಗೆ ದೊರೆತ ಉತ್ತರವು ಕಾಡಿನಲ್ಲಿರಲಿಲ್ಲ, ಬೇಡನ ಬಲೆಯಲ್ಲಿರಲಿಲ್ಲ. ಅದು ರೈತನ ದನದ ಕೊಟ್ಟಿಗೆಯಲ್ಲಿತ್ತು.

ಹಕ್ಕಿಯ ಕಾಯಕ

ಕೋಳಿಮರಿಯನ್ನು ಎರಗಿ ಒಯ್ಯುವ ಹದ್ದೇ ಬೇರೆ, ರಣಹದ್ದೇ ಬೇರೆ. ರಣಹದ್ದು ಸಾಮಾನ್ಯವಾಗಿ ಬದುಕಿರುವ ಪ್ರಾಣಿಯ ತಂಟೆಗೆ ಹೋಗುವುದಿಲ್ಲ. ಸತ್ತುದೇ ಅದರ ಆಹಾರ. ಬಿಳಿಬೆನ್ನಿನದು, ಉದ್ದಕೊಕ್ಕಿನದು, ಕೆಂಪುತಲೆಯದು, ಮೈಯೆಲ್ಲ ಬೆಳ್ಳಗಿರುವ ಸಣ್ಣ ಜಾತಿಯದು ಎಂದು ಕರ್ನಾಟಕದಲ್ಲಿ ಇದರ ಹಲವು ಬಗೆಗಳಿವೆ. ದೊಡ್ಡ ಜಾತಿಯ ಹಕ್ಕಿ ರೆಕ್ಕೆ ಬಿಚ್ಚಿತೆಂದರೆ ಆರು ಅಡಿಗೂ ಮಿಕ್ಕ ಅಗಲ. ತಲೆ ಕೊರಳುಗಳ ಮೇಲೆ ಗರಿಗಳಿಲ್ಲದಿರುವುದನ್ನು ಕಂಡು ಜನರು ಕುರೂಪವೆಂದರು. ಕಳೇಬರದೊಳಗೆ ಕೊರಳು ತೂರಿಸಿ ತಿನ್ನುವ ಹಕ್ಕಿಗೆ ಗರಿಗಳಿದ್ದರೆ ಹೊಲಸು ಅಂಟಿಕೊಳ್ಳುತ್ತಿತ್ತು. ಬೋಳಾದ ಕೊರಳು ಬಿಸಿಲಿಗೆ ಬೇಗ ಒಣಗಿ ಶುದ್ಧವಾಗುತ್ತದೆ. ಅದರ ಜಠರದ ಆಮ್ಲವು ಅತಿ ತೀಕ್ಷ್ಣವಾದುದು. ಕೊಳೆತ ಮಾಂಸದಲ್ಲಿರುವ ಅನೇಕ ರೋಗಾಣುಗಳು ಅಲ್ಲಿ ನಾಶವಾಗುತ್ತವೆ. ರಣಹದ್ದುಗಳ ಒಂದು ಹಿಂಡು ಇಡೀ ದನದ ಕಳೇಬರವನ್ನು ಒಂದು ತಾಸಿನೊಳಗೆ ಎಲುಬಿನ ಹಂದರವಾಗಿಸಬಲ್ಲುದು.

ಹಿಂದೆ ಹಳ್ಳಿಗಳಲ್ಲಿ ಸತ್ತ ದನವನ್ನು ಊರ ಹೊರಗಿನ ಹಾಳುನೆಲಕ್ಕೆ ಸಾಗಿಸುತ್ತಿದ್ದರು. ತೊಗಲನ್ನು ಚರ್ಮಕಾರರು ಸುಲಿದುಕೊಳ್ಳುತ್ತಿದ್ದರು. ಮಾಂಸವು ರಣಹದ್ದಿನ ಪಾಲಿಗೆ, ಉಳಿದ ಎಲುಬು ಗೊಬ್ಬರಕ್ಕೆ. ಅಥಣಿ, ನಿಪ್ಪಾಣಿಗಳ ಕಡೆ ಇಂದಿಗೂ ನಡೆದುಬಂದಿರುವ, 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಕೊಲ್ಹಾಪುರಿ ಚಪ್ಪಲಿಯ ಕಸುಬಿನ ಬೇರು ಈ ಹಳೆಯ ವ್ಯವಸ್ಥೆಯಲ್ಲಿಯೇ ಇದೆ. ತೊಗಲು ಹದಮಾಡುವ ಕಾಯಕವನ್ನು ಲೋಕವು ಕೀಳೆಂದು ದೂರವಿಟ್ಟಾಗ, ಶರಣರು ಡೋಹರ ಕಕ್ಕಯ್ಯನನ್ನೂ ಮಾದಾರ ಚೆನ್ನಯ್ಯನನ್ನೂ ತಲೆಯ ಮೇಲೆ ಹೊತ್ತು ಗೌರವಿಸಿದರು. ಬೆಳಗಾವಿ ಜಿಲ್ಲೆಯ ಕಕ್ಕೇರಿಯು ಇಂದಿಗೂ ಕಕ್ಕಯ್ಯನ ನೆನಪನ್ನು ಕಾಯ್ದುಕೊಂಡಿದೆ. ಊರನ್ನು ಶುದ್ಧವಾಗಿಡುವ ಕೆಲಸವನ್ನು ಮಾಡಿಯೂ ಅಪಶಕುನವೆಂಬ ನಿಂದೆಗೆ ಗುರಿಯಾದ ರಣಹದ್ದಿನ ವಿಷಯದಲ್ಲಿಯೂ ಲೋಕದ ಕಣ್ಣು ಅದೇ ತಪ್ಪನ್ನೇ ಮಾಡಿತು. ಹೊಲಸು ಎಂದು ತೋರುವ ಕೆಲಸವೇ ಊರಿನ ಆರೋಗ್ಯವನ್ನು ಕಾಯುತ್ತಿತ್ತೆಂಬ ಸಂಗತಿ, ಆ ಕೆಲಸ ನಿಂತ ಮೇಲೆಯೇ ತಿಳಿದುಬಂದಿತು.

ಕೊರಳು ಜೋತ ಹಕ್ಕಿಗಳು

1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದು ಜಗತ್ತಿನ ದೊಡ್ಡ ಬೇಟೆಹಕ್ಕಿಗಳ ಬಳಗದಲ್ಲಿಯೇ ಅತ್ಯಂತ ಹೇರಳವಾದುದೆಂದು ಪಕ್ಷಿತಜ್ಞರು ಎಣಿಸಿದ್ದರು. ಭಾರತದಲ್ಲಿ ಎಲ್ಲ ಜಾತಿಗಳೂ ಸೇರಿ ಸುಮಾರು 4 ಕೋಟಿ ರಣಹದ್ದುಗಳಿದ್ದುವೆಂಬ ಅಂದಾಜೂ ಇದೆ. ರಾಜಸ್ಥಾನದ ಭರತಪುರದ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ಆ ದಶಕದ ಕೊನೆಯಲ್ಲಿ ಈ ಹಕ್ಕಿಯ ಮುನ್ನೂರೈವತ್ತಕ್ಕೂ ಹೆಚ್ಚು ಜೋಡಿಗಳು ಗೂಡುಕಟ್ಟುತ್ತಿದ್ದುವು. ಹತ್ತು ಹನ್ನೆರಡು ವರ್ಷಗಳಲ್ಲಿ ಅಲ್ಲಿ ಒಂದು ಗೂಡೂ ಉಳಿಯಲಿಲ್ಲ.

ಈ ಅಳಿವನ್ನು ಮೊದಲು ಗುರುತಿಸಿದವರು ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಡಾ. ವಿಭು ಪ್ರಕಾಶರು. ಭರತಪುರದಲ್ಲಿ ಹಕ್ಕಿಗಳು ಮರದ ಕೊಂಬೆಗಳ ಮೇಲೆ ಕೊರಳನ್ನು ಜೋತುಬಿಟ್ಟು ಬಹಳ ಹೊತ್ತು ಮಂಕಾಗಿ ಕುಳಿತಿರುವುದನ್ನು, ಕೊನೆಗೆ ಕೆಳಗೆ ಬಿದ್ದು ಸಾಯುವುದನ್ನು ಅವರು ಕಂಡರು. ಅವರ ವರದಿ 1999ರಲ್ಲಿ ಪ್ರಕಟವಾಯಿತು. 2000ದಲ್ಲಿ ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈ ಜಾತಿಗಳನ್ನು ಅಳಿವಿನ ಅಂಚಿಗೆ ತಲುಪಿದ ಜೀವಿಗಳ ಸಾಲಿಗೆ ಸೇರಿಸಿತು. 1992ರಿಂದ 2007ರ ವರೆಗಿನ ಹದಿನೈದು ವರ್ಷಗಳಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ 999 ಹಕ್ಕಿಗಳು ಇಲ್ಲವಾದುವೆಂದು ಹಾದಿಯುದ್ದಕ್ಕೂ ನಡೆಸಿದ ಎಣಿಕೆಗಳು ತೋರಿಸಿದುವು. ಉದ್ದಕೊಕ್ಕಿನ ಮತ್ತು ತೆಳುಕೊಕ್ಕಿನ ಜಾತಿಗಳು ಒಟ್ಟಾಗಿ ನೂರಕ್ಕೆ 97ರಷ್ಟು ಕುಸಿದಿದ್ದುವು. ಕಾಡು ಕಡಿದುದರಿಂದಾಗಲಿ ಬೇಟೆಯಾಡಿದುದರಿಂದಾಗಲಿ ಇಷ್ಟು ತ್ವರಿತವಾದ ನಾಶ ಸಾಧ್ಯವಿರಲಿಲ್ಲ. ತಿನ್ನಲು ಆಹಾರವೂ ಬೇಕಾದಷ್ಟಿತ್ತು. ಹಾಗಾದರೆ ಕೊಂದುದು ಯಾವುದು?

ಕಾರಣದ ಶೋಧ

ಮೊದಲಿಗೆ ಯಾವುದೋ ಹೊಸ ಸಾಂಕ್ರಾಮಿಕ ರೋಗವಿರಬೇಕೆಂದು ಬಹುಮಂದಿ ಊಹಿಸಿದರು. ಹಲವು ವರ್ಷ ಹುಡುಕಿದರೂ ಆ ರೋಗಾಣು ಕೈಗೆ ಸಿಗಲಿಲ್ಲ. ಇದೇ ಹೊತ್ತಿನಲ್ಲಿ ಪಾಕಿಸ್ತಾನದ ಪಂಜಾಬಿನಲ್ಲಿ ಪಶುವೈದ್ಯ ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು ಸತ್ತ ಹಕ್ಕಿಗಳ ಮರಣೋತ್ತರ ಪರೀಕ್ಷೆ ನಡೆಸುತ್ತಿದ್ದರು. ಪರೀಕ್ಷಿಸಿದ ದೊಡ್ಡ ಹಕ್ಕಿಗಳಲ್ಲಿ ನೂರಕ್ಕೆ ಸುಮಾರು ಎಂಬತ್ತೈದರ ಒಡಲಿನಲ್ಲಿ ಒಂದೇ ಚಿಹ್ನೆ ಕಂಡಿತು: ಹೃದಯ, ಯಕೃತ್ತು, ಮೂತ್ರಪಿಂಡಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪೊರೆ. ಅದು ಯೂರಿಕ್ ಆಮ್ಲದ ಹರಳು. ಮೂತ್ರಪಿಂಡಗಳು ಕೆಟ್ಟುಹೋದಾಗ ದೇಹದಿಂದ ಹೊರಬೀಳಬೇಕಾದ ಕಲ್ಮಷವು ಒಳಗೇ ಉಳಿದು ಹೀಗೆ ಹೆಪ್ಪುಗಟ್ಟುತ್ತದೆ.

ಮೂತ್ರಪಿಂಡವನ್ನು ಕೆಡಿಸುವ ಕೀಟನಾಶಕಗಳನ್ನೂ ಲೋಹಗಳನ್ನೂ ಅವರು ಒಂದೊಂದಾಗಿ ಪರೀಕ್ಷಿಸಿ ಬಿಟ್ಟರು. ಕೊನೆಗೆ, ಈ ಹಕ್ಕಿಗಳು ತಿನ್ನುವುದು ಸತ್ತ ದನವನ್ನಲ್ಲವೇ, ಆ ದನಗಳಿಗೆ ಜನರು ಕೊಡುವ ಔಷಧ ಯಾವುದು ಎಂದು ವಿಚಾರಿಸಿದರು. ಆಗ ಡೈಕ್ಲೋಫಿನಾಕ್ ಎಂಬ ನೋವುನಿವಾರಕದ ಹೆಸರು ಹೊರಬಂದಿತು. ಮೂತ್ರಪಿಂಡ ಕೆಟ್ಟು ಸತ್ತ 25 ಹಕ್ಕಿಗಳನ್ನು ಪರೀಕ್ಷಿಸಿದಾಗ 25ರಲ್ಲಿಯೂ ಆ ಔಷಧದ ಅಂಶವಿತ್ತು. ಬೇರೆ ಕಾರಣಗಳಿಂದ ಸತ್ತ 13 ಹಕ್ಕಿಗಳಲ್ಲಿ ಒಂದರಲ್ಲಿಯೂ ಇರಲಿಲ್ಲ. ಔಷಧ ಕೊಟ್ಟ ಪ್ರಾಣಿಯ ಮಾಂಸವನ್ನು ತಿಂದ ಹಕ್ಕಿಗಳು ಅದೇ ರೀತಿ ಸತ್ತುವು. ಈ ಶೋಧವು 2004ರಲ್ಲಿ ಪ್ರಕಟವಾದಾಗ ಜಗತ್ತು ಬೆರಗಾಯಿತು. ಮುಂದೆ ಭಾರತದಲ್ಲಿ ದೊರೆತ ಹಕ್ಕಿಗಳ ಪರೀಕ್ಷೆಯೂ ಇದನ್ನೇ ಹೇಳಿತು.

ಈ ಶೋಧದ ಕ್ರಮದಲ್ಲಿಯೇ ಒಂದು ಪಾಠವಿದೆ. ಊಹೆಗೆ ಅಂಟಿಕೊಂಡವರಿಗೆ ಸತ್ಯವು ದಕ್ಕಲಿಲ್ಲ. ಇರುವ ಹಕ್ಕಿಯನ್ನೂ ಇಲ್ಲದ ಹಕ್ಕಿಯನ್ನೂ ಒಟ್ಟಿಗಿಟ್ಟು ತೂಗಿ ನೋಡಿದವರಿಗೆ ಅದು ದಕ್ಕಿತು.

ಮದ್ದೇ ವಿಷವಾದ ಬಗೆ

ಡೈಕ್ಲೋಫಿನಾಕ್ ಕೆಟ್ಟ ಔಷಧವೇನೂ ಅಲ್ಲ. ಮನುಷ್ಯರ ಕೀಲುನೋವಿಗೆ ವೈದ್ಯರು ಅದನ್ನು ಇಂದಿಗೂ ಬರೆದುಕೊಡುತ್ತಾರೆ. 1990ರ ದಶಕದಲ್ಲಿ ಅದು ಅಗ್ಗವಾಗಿ ದೊರೆಯತೊಡಗಿ ದನಗಳ ಚಿಕಿತ್ಸೆಗೂ ಬಂದಿತು. ಗಾಡಿಯೆತ್ತಿನ ಹೆಗಲು ಬಾತಾಗ, ಆಕಳಿಗೆ ಕೆಚ್ಚಲುಬಾವು ಬಂದಾಗ, ಜ್ವರದಿಂದ ಎಮ್ಮೆ ಮೇವು ಬಿಟ್ಟಾಗ ಒಂದು ಚುಚ್ಚುಮದ್ದಿನಿಂದ ನೋವು ಇಳಿಯುತ್ತಿತ್ತು. ಮೂಕಪ್ರಾಣಿಯ ಸಂಕಟವನ್ನು ನೋಡಲಾರದೆ ರೈತನು ದುಡ್ಡು ಕೊಟ್ಟು ಅದನ್ನು ಹಾಕಿಸಿದನು. ಅವನ ಮನಸ್ಸಿನಲ್ಲಿ ಕರುಣೆಯ ಹೊರತು ಮತ್ತೇನೂ ಇರಲಿಲ್ಲ.

ಆದರೆ ದನದ ದೇಹವು ತಾಳಿಕೊಳ್ಳುವ ಆ ಔಷಧವನ್ನು ರಣಹದ್ದಿನ ಮೂತ್ರಪಿಂಡವು ತಾಳಲಾರದು. ಮದ್ದು ಹಾಕಿಸಿದ ಒಂದೆರಡು ದಿನಗಳಲ್ಲಿ ಆ ದನವು ಸತ್ತರೆ, ಅದರ ಮಾಂಸ ಯಕೃತ್ತುಗಳಲ್ಲಿ ಔಷಧವು ಉಳಿದಿರುತ್ತದೆ. ಒಂದು ಊಟದಲ್ಲಿ ಸಿಕ್ಕಷ್ಟೇ ಆ ಹಕ್ಕಿಗೆ ಸಾಕು. ಕೆಲವೇ ದಿನಗಳಲ್ಲಿ ಅದು ಸಾಯುತ್ತದೆ. ಹಿಂಡುಹಿಂಡಾಗಿ ಉಣ್ಣುವ ಹಕ್ಕಿಯಾದುದರಿಂದ ಒಂದು ಕಳೇಬರವು ಒಂದೇ ಸಲಕ್ಕೆ ಹತ್ತಾರು ಹಕ್ಕಿಗಳನ್ನು ಆಪೋಶನ ತೆಗೆದುಕೊಂಡಿತು. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಮಾರಕ ಮದ್ದು ಇದ್ದರೂ ಇಡೀ ಸಂತತಿಯ ಕುಸಿತಕ್ಕೆ ಅದು ಸಾಕಾಗುವುದೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು.

ಇದಕ್ಕೆ ಹಕ್ಕಿಯ ಬಾಳಿನ ರೀತಿಯೂ ಕಾರಣ. ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆಯನ್ನಿಡುತ್ತದೆ. ಮರಿಯು ಬೆಳೆದು ತಾನು ಗೂಡು ಕಟ್ಟಲು ಐದು ವರ್ಷಗಳಷ್ಟು ಕಾಲ ಬೇಕು. ಗುಬ್ಬಿಯಂತೆ ಬೇಗಬೇಗ ಹೆಚ್ಚಿ ನಷ್ಟವನ್ನು ತುಂಬಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಒಂದು ದೊಡ್ಡ ಹಕ್ಕಿ ಸತ್ತರೆ ಆ ಜಾಗವು ತುಂಬಲು ಹಲವು ವರ್ಷಗಳೇ ಹಿಡಿಯುತ್ತವೆ.

ಇಲ್ಲಿ ದೋಷ ಯಾರದು? ರೈತನಿಗೆ ದ್ವೇಷವಿರಲಿಲ್ಲ, ವೈದ್ಯನಿಗೆ ಕೇಡಿನ ಬುದ್ಧಿ ಇರಲಿಲ್ಲ, ಔಷಧ ಮಾಡಿದವನಿಗೆ ಹಕ್ಕಿಯ ನೆನಪೇ ಇರಲಿಲ್ಲ. ದನದ ನೋವು ಎಲ್ಲರ ಕಣ್ಣಿಗೆ ಬಿದ್ದಿತು, ಅದನ್ನು ತಿನ್ನುವ ಹಕ್ಕಿಯ ಒಡಲು ಯಾರ ಕಣ್ಣಿಗೂ ಬೀಳಲಿಲ್ಲ. ಕಾಣುವಷ್ಟಕ್ಕೇ ನಿಂತ ದಯೆಯು ಕಾಣದಿದ್ದ ಜೀವವನ್ನು ಕೊಂದಿತು. 2004ರ ವರೆಗೆ ಅದು ಅರಿಯದೆ ಆದ ಹಿಂಸೆ. ಅರಿತ ಮೇಲೂ ಅದೇ ಮದ್ದನ್ನು ದನಕ್ಕೆ ಹಾಕಿಸುವವನಿಗೆ ಆ ನೆಪವು ಉಳಿಯುವುದಿಲ್ಲ. ಅರಿವು ಬಂದ ಗಳಿಗೆಯಿಂದ ಹೊಣೆಯೂ ಬರುತ್ತದೆ.

ಹಕ್ಕಿ ಹೋದ ಮೇಲೆ

ಆಕಾಶದಿಂದ ಹಕ್ಕಿಗಳು ಮರೆಯಾದ ಮಾತ್ರಕ್ಕೆ ಸಾಯುವ ದನಗಳು ಸಾಯದಿರಲಿಲ್ಲ. ಕಳೇಬರಗಳು ಹಾಳುನೆಲದಲ್ಲಿ, ಹಳ್ಳದ ದಂಡೆಯಲ್ಲಿ ಕೊಳೆಯತೊಡಗಿದುವು. ಆ ಆಹಾರಕ್ಕೆ ಬೀದಿನಾಯಿಗಳು ಬಂದು ಹೆಚ್ಚಿದುವು. ನಾಯಿ ಹೆಚ್ಚಿದಲ್ಲಿ ಕಡಿತವೂ ಹೆಚ್ಚಿತು. ಕಡಿತದೊಂದಿಗೆ ರೇಬೀಸ್ ರೋಗವೂ ಹೆಚ್ಚಿತು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ರಣಹದ್ದಿನ ಅಳಿವಿನಿಂದ 1992 ಮತ್ತು 2006ರ ನಡುವೆ ಭಾರತದಲ್ಲಿ ಸುಮಾರು 48 ಸಾವಿರ ಮಂದಿ ರೇಬೀಸಿನಿಂದ ಹೆಚ್ಚಾಗಿ ಸತ್ತಿರಬೇಕೆಂದು ಅಂದಾಜು ಮಾಡಿತು. 2024ರಲ್ಲಿ ಅರ್ಥಶಾಸ್ತ್ರಜ್ಞರಾದ ಏಯಲ್ ಫ್ರಾಂಕ್ ಮತ್ತು ಅನಂತ ಸುದರ್ಶನ್ ಇನ್ನೂ ವಿಸ್ತಾರವಾದ ಲೆಕ್ಕವನ್ನು ಪ್ರಕಟಿಸಿದರು. ಹಿಂದೆ ರಣಹದ್ದುಗಳು ಹೇರಳವಾಗಿದ್ದ ಜಿಲ್ಲೆಗಳನ್ನೂ ಅವುಗಳಿಗೆ ಒಗ್ಗದ ಜಿಲ್ಲೆಗಳನ್ನೂ ಹೋಲಿಸಿ ನೋಡಿದಾಗ, ಮೊದಲಿನ ಜಿಲ್ಲೆಗಳಲ್ಲಿ ಮನುಷ್ಯರ ಮರಣಪ್ರಮಾಣವು ನೂರಕ್ಕೆ 4ಕ್ಕಿಂತ ಹೆಚ್ಚು ಏರಿತ್ತು. 2000ದಿಂದ 2005ರ ವರೆಗೆ ಹೀಗೆ ಹೆಚ್ಚಿದ ಸಾವುಗಳು ಸುಮಾರು 5 ಲಕ್ಷವೆಂದು ಅವರು ಅಂದಾಜಿಸಿದರು. ನಾಯಿಗಳ ಹೆಚ್ಚಳವೂ ಕೊಳೆತ ಕಳೇಬರಗಳಿಂದ ಕೆಟ್ಟ ನೀರೂ ಇದಕ್ಕೆ ಕಾರಣವೆಂದು ಅವರ ವಿವರಣೆ.

ತನ್ನ ಎತ್ತಿನ ಹೆಗಲಿಗೆ ಹಾಕಿಸಿದ ಮದ್ದಿಗೂ ಇನ್ನೊಂದು ಊರಿನ ಮಗುವಿನ ಸಾವಿಗೂ ಸಂಬಂಧವಿದ್ದೀತೆಂದು ಯಾವ ರೈತನು ತಾನೇ ಎಣಿಸಿದ್ದನು? ಜೀವಗಳ ಹೆಣಿಗೆಯು ಹೀಗೆ ಕಣ್ಣಿಗೆ ಕಾಣದಂತೆ ಹಬ್ಬಿದೆ. ಒಂದು ಎಳೆ ಹರಿದುದು ಇನ್ನೊಂದು ತುದಿಯಲ್ಲಿ ತಿಳಿದುಬರುತ್ತದೆ.

ತಿದ್ದಿಕೊಂಡ ದಾರಿ

ಈ ಕಥೆಯು ದುಃಖದಲ್ಲಿಯೇ ಮುಗಿಯುವುದಿಲ್ಲ. ಕಾರಣವು ತಿಳಿದ ಎರಡು ವರ್ಷಗಳಲ್ಲಿ, 2006ರಲ್ಲಿ, ಭಾರತ, ನೇಪಾಳ, ಪಾಕಿಸ್ತಾನಗಳು ದನಗಳ ಚಿಕಿತ್ಸೆಗೆ ಡೈಕ್ಲೋಫಿನಾಕನ್ನು ತಯಾರಿಸುವುದನ್ನು ತಡೆದುವು. ಅದೇ ವರ್ಷ ಮೆಲಾಕ್ಸಿಕಾಮ್ ಎಂಬ ಬೇರೊಂದು ನೋವುನಿವಾರಕವು ರಣಹದ್ದಿಗೆ ಅಪಾಯಕರವಲ್ಲವೆಂದು ಪರೀಕ್ಷೆಗಳಿಂದ ಸಿದ್ಧವಾಯಿತು. ಮುಂದೆ ಟಾಲ್ಫೆನಾಮಿಕ್ ಆಮ್ಲವೂ ಅಂತಹುದೇ ಎಂದು ತಿಳಿಯಿತು. ದನದ ನೋವನ್ನೂ ಇಳಿಸಿ ಹಕ್ಕಿಯ ಜೀವವನ್ನೂ ಉಳಿಸುವ ದಾರಿ ಹೀಗೆ ತೆರೆಯಿತು.

ಆದರೂ ಕಳ್ಳದಾರಿ ಉಳಿದಿತ್ತು. ಮನುಷ್ಯರಿಗೆಂದು ಮಾಡಿದ ದೊಡ್ಡ ಸೀಸೆಗಳ ಡೈಕ್ಲೋಫಿನಾಕನ್ನು ದನಗಳಿಗೆ ಚುಚ್ಚುವುದು ನಡೆದೇ ಇತ್ತು. ಅದನ್ನು ತಡೆಯಲು 2015ರಲ್ಲಿ ಸರಕಾರವು ಚುಚ್ಚುಮದ್ದಿನ ಸೀಸೆಯನ್ನು 3 ಮಿಲಿಲೀಟರಿನ ಒಂದು ಸಲದ ಪ್ರಮಾಣಕ್ಕೆ ಇಳಿಸಿತು. ಬೇರೆ ಕೆಲವು ಔಷಧಗಳೂ ಹಕ್ಕಿಗೆ ಮಾರಕವೆಂದು ಕಂಡುಬಂದುವು. ಅಸಿಕ್ಲೋಫಿನಾಕ್ ಎಂಬುದು ದನದ ಒಡಲಿನಲ್ಲಿ ಡೈಕ್ಲೋಫಿನಾಕಾಗಿಯೇ ಮಾರ್ಪಡುತ್ತದೆ. ಅದನ್ನೂ ಕೀಟೊಪ್ರೊಫೇನನ್ನೂ ದನಗಳಿಗೆ ಬಳಸುವುದನ್ನು 2023ರಲ್ಲಿ ನಿಷೇಧಿಸಲಾಯಿತು. ನಿಮೆಸುಲೈಡಿಗೆ 2024ರ ಡಿಸೆಂಬರ್ ಕೊನೆಯಲ್ಲಿ ಅದೇ ನಿಷೇಧ ಬಂದಿತು.

ಉಳಿದ ಹಕ್ಕಿಗಳ ವಂಶವನ್ನು ಕಾಯಲು ಹರಿಯಾಣದ ಪಿಂಜೋರಿನಲ್ಲಿ 2001ರಲ್ಲಿ ಆರಂಭವಾದ ಆರೈಕೆಯ ಕೇಂದ್ರವು ಮುಂದೆ ಜಟಾಯುವಿನ ಹೆಸರನ್ನು ಹೊತ್ತ ಸಂತಾನಾಭಿವೃದ್ಧಿ ಕೇಂದ್ರವಾಯಿತು. 2020ರ ಅಕ್ಟೋಬರಿನಲ್ಲಿ ಅಲ್ಲಿಂದ 8 ಬಿಳಿಬೆನ್ನಿನ ರಣಹದ್ದುಗಳನ್ನು ಮೊದಲ ಬಾರಿಗೆ ಬಯಲಿಗೆ ಬಿಡಲಾಯಿತು. ಕರ್ನಾಟಕವು 2012ರಲ್ಲಿ ರಾಮನಗರದ ರಾಮದೇವರಬೆಟ್ಟದ ಸುಮಾರು 346 ಹೆಕ್ಟೇರು ಪ್ರದೇಶವನ್ನು ರಣಹದ್ದುಗಳ ಧಾಮವೆಂದು ಘೋಷಿಸಿತು. ಅಲ್ಲಿಯ ಕಡಿದಾದ ಬಂಡೆಗಳ ಚಾಚುಗಳಲ್ಲಿ ಉದ್ದಕೊಕ್ಕಿನ ಹಕ್ಕಿ ಗೂಡು ಮಾಡುತ್ತ ಬಂದಿದೆ. ಬಂಡೀಪುರ, ನಾಗರಹೊಳೆಗಳ ಕಾಡುಗಳಲ್ಲಿಯೂ ಈ ಕುಲದ ಹಕ್ಕಿಗಳು ಉಳಿದುಕೊಂಡಿವೆ. ಅಲ್ಲಿ ಅವು ತಿನ್ನುವುದರಲ್ಲಿ ಕಾಡುಪ್ರಾಣಿಗಳ ಕಳೇಬರವೇ ಹೆಚ್ಚು, ಮದ್ದು ಸೋಂಕಿದ ದನದ ಮಾಂಸ ಕಡಿಮೆ. ನೇಪಾಳದಲ್ಲಿ ನಿಷೇಧವನ್ನು ಬಿಗಿಯಾಗಿ ಪಾಲಿಸಿ ಜನರೇ ಕಾವಲು ನಿಂತುದರಿಂದ ಬಿಳಿಬೆನ್ನಿನ ಹಕ್ಕಿ ಮೆಲ್ಲಮೆಲ್ಲನೆ ಹೆಚ್ಚಿದೆ. ಮದ್ದನ್ನು ಬಿಟ್ಟಲ್ಲಿ ಹಕ್ಕಿಯು ಮರಳುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವೇಕೆ?

ಕೃಷ್ಣಾತೀರದ ಗೃಹಸ್ಥನ ಹೊಣೆ

ರಾಮನಗರವೆಲ್ಲಿ, ಪಿಂಜೋರವೆಲ್ಲಿ, ಚಿಕ್ಕೋಡಿಯೆಲ್ಲಿ ಎಂದು ಕೇಳುವವರುಂಟು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಕಬ್ಬಿನ ನಾಡು. ದನಗಳ ನಾಡೂ ಹೌದು. ಕಬ್ಬು ನುರಿಯುವ ಕಾಲದಲ್ಲಿ ಎಷ್ಟೋ ಜೋಡೆತ್ತುಗಳು ಕಾರಖಾನೆಯ ದಾರಿಯಲ್ಲಿ ಭಾರ ಎಳೆಯುತ್ತವೆ. ಖಿಲಾರಿ ಹೋರಿಯನ್ನು ಮನೆಯ ಮಗನಂತೆ ಸಾಕುವ ಒಕ್ಕಲುಗಳಿವೆ. ಹಾಲಿನ ಎಮ್ಮೆಯಿಂದ ಸಂಸಾರ ನಡೆಸುವ ತಾಯಂದಿರಿದ್ದಾರೆ. 2019ರ ಆಗಸ್ಟಿನ ಮಹಾಪೂರದಲ್ಲಿ ಈ ಸೀಮೆಯು ದನಗಳೊಂದಿಗೆ ಪಟ್ಟ ಪಾಡನ್ನೂ, 2022ರಲ್ಲಿ ಚರ್ಮಗಂಟು ರೋಗವು ರಾಜ್ಯದ ಹಲವು ಜಿಲ್ಲೆಗಳ ಕೊಟ್ಟಿಗೆಗಳನ್ನು ಕಾಡಿದುದನ್ನೂ ಜನರು ಮರೆತಿಲ್ಲ. ದನಕ್ಕೆ ಜಡ್ಡು ಬಂದರೆ ಮದ್ದು ಹಾಕಿಸುವುದು ಇಲ್ಲಿ ದಿನದಿನದ ಮಾತು. ರಣಹದ್ದಾದರೋ ತಾಲ್ಲೂಕು ಜಿಲ್ಲೆಗಳ ಗಡಿಯನ್ನರಿಯದು. ಬಿಸಿಗಾಳಿಯ ಏರಿನಲ್ಲಿ ತೇಲುತ್ತ ಆಹಾರವನ್ನರಸಿ ಅದು ಒಂದು ದಿನಕ್ಕೆ ಹತ್ತಾರು ಹರದಾರಿ ದೂರ ಹೋಗಬಲ್ಲುದು. ಆದುದರಿಂದ ಒಂದು ಕೊಟ್ಟಿಗೆಯ ಮದ್ದು ದೂರದ ಬಂಡೆಯ ಗೂಡನ್ನೂ ಮುಟ್ಟೀತು.

ಹಾಗಾದರೆ ದನವು ನೋವಿನಿಂದ ನರಳುತ್ತಿದ್ದರೂ ಸುಮ್ಮನಿರಬೇಕೇ? ಎಂದಿಗೂ ಇಲ್ಲ. ನೋವಿಗೆ ಮದ್ದು ಬೇಕೇ ಬೇಕು. ಅದು ಯಾವ ಮದ್ದೆಂಬುದನ್ನು ಕೇಳಿ ತಿಳಿಯುವುದಷ್ಟೇ ಇಲ್ಲಿ ಬೇಕಾದುದು. ಅಂಗಡಿಯಿಂದ ತಾನೇ ಸೀಸೆ ತಂದು ಚುಚ್ಚದೆ ಪಶುವೈದ್ಯರನ್ನು ಕರೆಯುವುದು ಮೊದಲ ನಿಯಮ. ಬರೆದ ಮದ್ದಿನ ಹೆಸರನ್ನು ಓದಿಸಿಕೊಂಡು, ಅದರಲ್ಲಿ ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಕೀಟೊಪ್ರೊಫೇನ್, ನಿಮೆಸುಲೈಡ್ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಎರಡನೆಯದು. ಮೆಲಾಕ್ಸಿಕಾಮ್ ಸಾಕಾಗುವುದೇ ಎಂದು ವೈದ್ಯರನ್ನೇ ವಿನಯದಿಂದ ಕೇಳಬಹುದು. ಮನುಷ್ಯರ ಮದ್ದನ್ನು ದನಕ್ಕೆ ಕೊಡದಿರುವುದು ಮೂರನೆಯದು. ಮದ್ದು ಪಡೆದ ಕೆಲವೇ ದಿನಗಳಲ್ಲಿ ದನವು ಸತ್ತರೆ ಅದನ್ನು ಬಯಲಿಗೆಸೆಯದೆ ಆಳವಾದ ಕುಣಿ ತೋಡಿ ಹೂಳುವುದು ನಾಲ್ಕನೆಯದು; ಇದರಿಂದ ನಾಯಿಗಳ ಕಾಟವೂ ತಪ್ಪುವುದು. ನಾಯಿಯನ್ನೋ ಚಿರತೆಯನ್ನೋ ಕೊಲ್ಲಲೆಂದು ಕಳೇಬರಕ್ಕೆ ವಿಷ ಬೆರೆಸುವ ಪಾಪಕೃತ್ಯಕ್ಕೆ ಯಾರೂ ಇಳಿಯಬಾರದು. ಅಂತಹ ಒಂದು ಕಳೇಬರದಿಂದ ಇಡೀ ಹಿಂಡೇ ಸತ್ತ ನಿದರ್ಶನಗಳು ದೇಶದಲ್ಲಿವೆ.

ತ್ರಾಣವಿಲ್ಲದ ಹಕ್ಕಿ ಕಂಡಾಗ

ಬಿದ್ದ ಹಕ್ಕಿಗಳೆಲ್ಲ ಮದ್ದಿನ ವಿಷದಿಂದಲೇ ಬಿದ್ದುವಲ್ಲ. ಮೊದಲ ಸಲ ಗೂಡು ಬಿಟ್ಟು ಹಾರಿದ ಮರಿ ಹಸಿವು ಬಾಯಾರಿಕೆಗಳಿಂದ ಸೋತಿರಬಹುದು. ಹಿಮಾಲಯದ ಕಡೆಯ ಎಳೆಯ ರಣಹದ್ದು ಚಳಿಗಾಲದಲ್ಲಿ ದಕ್ಷಿಣಕ್ಕೆ ಅಲೆಯುತ್ತ ಬಂದು ದಣಿದಿರಬಹುದು. ಗಾಳಿಪಟದ ದಾರವೋ ವಿದ್ಯುತ್ತಿನ ತಂತಿಯೋ ರೆಕ್ಕೆಗೆ ಗಾಯ ಮಾಡಿರಬಹುದು. ಇಂತಹ ಹಕ್ಕಿಗೆ ನೆರಳು, ವಿಶ್ರಾಂತಿ, ತಜ್ಞರ ಚಿಕಿತ್ಸೆ ದೊರೆತರೆ ಮತ್ತೆ ಹಾರುವ ಭಾಗ್ಯ ಉಂಟು.

ಅದನ್ನು ಕಂಡವರು ಗುಂಪುಗೂಡಿ ಗದ್ದಲ ಮಾಡಬಾರದು. ಹೆದರಿಕೆಯೇ ಅರ್ಧ ಪ್ರಾಣ ತೆಗೆಯುತ್ತದೆ. ನಾಯಿ ಕಾಗೆಗಳನ್ನು ದೂರವಿರಿಸಿ, ಹಕ್ಕಿಗೆ ನೆರಳು ಮಾಡಿ, ಕೂಡಲೇ ಸಮೀಪದ ಅರಣ್ಯ ಕಚೇರಿಗೆ ಸುದ್ದಿ ಮುಟ್ಟಿಸಬೇಕು. ಬಾಯಿಗೆ ನೀರು ಹೊಯ್ಯಬಾರದು, ಅದು ಉಸಿರಿನ ನಾಳಕ್ಕೆ ಇಳಿದು ಪ್ರಾಣಕ್ಕೆ ಸಂಚಕಾರ ತಂದೀತು. ಹಾಲು, ಅನ್ನ, ರೊಟ್ಟಿ ತಿನ್ನಿಸುವುದೂ ಸಲ್ಲದು. ಕಾಲಿಗೆ ಹಗ್ಗ ಕಟ್ಟಬಾರದು. ಅಲ್ಲಿಂದ ಎತ್ತಲೇಬೇಕಾದರೆ ಮೇಲೊಂದು ದಪ್ಪ ಬಟ್ಟೆ ಹೊದಿಸಿ, ಬಲವಾದ ಕೊಕ್ಕಿನಿಂದ ಎಚ್ಚರವಾಗಿದ್ದು, ಗಾಳಿಯಾಡುವ ದೊಡ್ಡ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇರಿಸಬೇಕು. ಬೆದರಿದ ರಣಹದ್ದು ತಿಂದುದನ್ನು ಕಕ್ಕುವುದುಂಟು; ಅದನ್ನು ಕಂಡು ಅಸಹ್ಯಪಡಲಾಗದು. ಎಷ್ಟೇ ಕನಿಕರವಿದ್ದರೂ ಅದನ್ನು ಮನೆಯಲ್ಲಿ ಸಾಕುವ ಯೋಚನೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಈ ಹಕ್ಕಿಗೆ ಅತ್ಯುನ್ನತ ರಕ್ಷಣೆಯಿದೆ. ಕಾನೂನಿನ ಮಾತು ಹಾಗಿರಲಿ, ಆಕಾಶವೇ ಮನೆಯಾದ ಜೀವಕ್ಕೆ ಪಂಜರದ ಪ್ರೀತಿಯು ಪ್ರೀತಿಯಾಗಲಾರದು.

ಆದರೆ ಮದ್ದು ತಿಂದು ಮೂತ್ರಪಿಂಡ ಕೆಟ್ಟ ಹಕ್ಕಿಯ ಮಾತು ಬೇರೆ. ಅದರ ಕೊರಳು ಜೋಲುವ ಹೊತ್ತಿಗೆ ಒಡಲಿನೊಳಗೆ ಕೆಲಸ ಮುಗಿದಿರುತ್ತದೆ. ಎಂತಹ ನಿಪುಣ ವೈದ್ಯನಿದ್ದರೂ ಅದನ್ನು ಉಳಿಸುವುದು ಬಹು ಕಷ್ಟ. ಅದಕ್ಕೆ ತೋರಬಹುದಾಗಿದ್ದ ದಯೆಯ ಗಳಿಗೆಯು ಕೆಲವು ದಿನಗಳ ಹಿಂದೆ, ಯಾವುದೋ ಕೊಟ್ಟಿಗೆಯಲ್ಲಿ, ದನದ ಬಳಿ ಮದ್ದಿನ ಸೀಸೆಯನ್ನು ತೆರೆದಾಗಲೇ ಕಳೆದುಹೋಗಿರುತ್ತದೆ.

ದಯೆಯು ಕಣ್ಣೀರಿನಲ್ಲಿ ಮೊದಲಾಗಬಹುದು. ಅಲ್ಲಿಯೇ ನಿಂತರೆ ಅದು ಸಾಲದು. ತನ್ನ ಕೈಯಿಂದ ಹೊರಟ ಮದ್ದು ಎಲ್ಲಿಗೆ ಹೋಗುತ್ತದೆ, ತನ್ನ ಬಾಗಿಲಿನಿಂದ ಸಾಗಿದ ಕಳೇಬರವನ್ನು ಯಾವ ಜೀವ ಉಣ್ಣುತ್ತದೆ ಎಂದು ವಿಚಾರಿಸಿ ನಡೆಯುವ ಗೃಹಸ್ಥನಲ್ಲಿ ಅರಿವು ಆಚಾರವಾಗುತ್ತದೆ. ಅಂತಹವನು ರಣಹದ್ದನ್ನು ಜೀವಮಾನದಲ್ಲಿ ಒಮ್ಮೆಯೂ ಕಾಣದಿರಬಹುದು. ಆದರೂ ಅವನ ಕೊಟ್ಟಿಗೆಯಲ್ಲಿ ನೋವಿಳಿದು ಮೆಲುಕಾಡುವ ಎತ್ತಿನೊಂದಿಗೆ, ದೂರದ ಬಂಡೆಯ ಮೇಲಿನ ಒಂದೇ ಒಂದು ಮರಿಯೂ ಅವನ ರಕ್ಷಣೆಯಲ್ಲಿದೆ.